ಮೂಳೆ ಕರಗಿಸುವ ಅಪ್ಪಣೆ ಯಾರದು?

ಹಳೇ ಮೈಸೂರು ಸೀಮೆಯಲ್ಲಿ ಎರಡು ಮೂರು ತಲೆಮಾರು ನಂಜನಗೂಡಿನ ಹಲ್ಲುಪುಡಿಯಲ್ಲೇ ಹಲ್ಲುಜ್ಜಿತು. ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಆ ಗುಲಾಬಿ ಪುಡಿಯನ್ನು ಎಡ ಅಂಗೈಗೆ ಸುರಿದುಕೊಂಡು ಬಲಗೈ ತೋರುಬೆರಳಲ್ಲಿ ತಿಕ್ಕಿ ಬೆಳೆದವರು ಮೈಸೂರಿನಿಂದ ತಾಂಡವಪುರ, ನಂಜನಗೂಡು ದಾಟಿ ಚಾಮರಾಜನಗರದವರೆಗೆ ಈಗಲೂ ಸಿಗುತ್ತಾರೆ. ಅವರಲ್ಲಿ ಬಾಯಿತುಂಬ ಹಲ್ಲಿರುವವರಿದ್ದಾರೆ, ಐವತ್ತಕ್ಕೇ ಬೊಚ್ಚುಬಾಯಿ ಆದವರೂ ಇದ್ದಾರೆ. ಹಲ್ಲು ಕಳೆದುಕೊಂಡವರನ್ನು ಕೇಳಿದರೆ "ಹುಳುಕೇನೂ ಇರಲಿಲ್ಲ, ಅಲ್ಲಾಡಿ ಅಲ್ಲಾಡಿ ತಾನಾಗೇ ಬಂತು" ಎನ್ನುವುದುಂಟು. ಅವರು ಹೇಳುವುದು ಸರಿ. ಹಲ್ಲಿಗೆ ಏನೂ ಆಗಿರಲಿಲ್ಲ. ಹಲ್ಲನ್ನು ಹಿಡಿದಿದ್ದ ದವಡೆಯ ಮೂಳೆ ಕರಗಿತ್ತು. ಕರಗಿಸಿದ್ದು ಬ್ಯಾಕ್ಟೀರಿಯಾ ಅಲ್ಲ, ಅವರದೇ ಮೈಯ ಕೋಶಗಳು. ಆ ಕೋಶಗಳಿಗೆ ಅಪ್ಪಣೆ ಕೊಟ್ಟದ್ದು ಅವರದೇ ರೋಗನಿರೋಧಕ ವ್ಯವಸ್ಥೆ.

ಇದು ತಿಳಿದು ಐವತ್ತು ವರ್ಷದ ಮೇಲಾಯಿತು. ಆದರೂ ಮೂಳೆ ಎಂದಕೂಡಲೇ ನಮ್ಮಲ್ಲಿ ಮೊದಲು ಬಾಯಿಗೆ ಬರುವುದು ಕ್ಯಾಲ್ಸಿಯಂ. ಸೊಂಟನೋವಿಗೆ ಕ್ಯಾಲ್ಸಿಯಂ ಮಾತ್ರೆ, ಮಂಡಿನೋವಿಗೆ ಕ್ಯಾಲ್ಸಿಯಂ ಮಾತ್ರೆ, ಅಜ್ಜಿ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡ ಮೇಲೂ ಕ್ಯಾಲ್ಸಿಯಂ ಮಾತ್ರೆ. ಗೋಡೆಗೆ ಇಟ್ಟಿಗೆ ಬೇಕೆಂಬುದರಲ್ಲಿ ತಕರಾರಿಲ್ಲ. ಆದರೆ ದೊಡ್ಡವರಲ್ಲಿ ಮೂಳೆ ಹೋಗುವ ಹೆಚ್ಚಿನ ಸಂದರ್ಭಗಳಲ್ಲಿ ನಡೆಯುವುದು ಇಟ್ಟಿಗೆಯ ಕೊರತೆಯಲ್ಲ, ಕೆಡವುವ ಕೆಲಸ. ಕೆಡವಲು ಯಾರು ಹೇಳಿದರು ಎಂದು ವಿಜ್ಞಾನಿಗಳು ಹುಡುಕಿದ ದಾರಿಯನ್ನು ಇಲ್ಲಿ ಒಟ್ಟಾಗಿ ನೋಡಬಹುದು.

ಆ ದಾರಿ ಶುರುವಾದದ್ದೂ ಹಲ್ಲಿನಿಂದಲೇ. 1972ರಲ್ಲಿ ಹಾರ್ಟನ್, ರೈಜ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಮನುಷ್ಯರ ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಹಲ್ಲಿನ ಮೇಲೆ ಕಟ್ಟುವ ಪಾಚಿಯನ್ನು ಅವುಗಳಿಗೆ ತಾಗಿಸಿದರು. ಕಣಗಳು ಕೆರಳಿದವು. ಅವುಗಳನ್ನು ಬೆಳೆಸಿದ್ದ ದ್ರವವನ್ನಷ್ಟೇ ಬಸಿದು, ಇನ್ನೂ ಹುಟ್ಟದ ಇಲಿಮರಿಯ ಮೂಳೆಯ ಮೇಲೆ ಹಾಕಿದರು. ಮೂಳೆಗೆ ಮೊದಲೇ ವಿಕಿರಣಶೀಲ ಕ್ಯಾಲ್ಸಿಯಂ ಸೇರಿಸಿದ್ದರಿಂದ ಕರಗಿದ್ದೆಷ್ಟು ಎಂದು ಅಳೆಯಲು ಸಾಧ್ಯವಿತ್ತು. ಮೂಳೆ ಕರಗಿತು. ಅಲ್ಲಿ ಪಾಚಿ ನೇರವಾಗಿ ಮೂಳೆಯನ್ನು ಮುಟ್ಟಿರಲಿಲ್ಲ, ಬಿಳಿ ರಕ್ತಕಣಗಳು ದ್ರವಕ್ಕೆ ಬಿಟ್ಟ ಏನೋ ಒಂದು ಆ ಕೆಲಸ ಮಾಡಿತ್ತು. ಆ 'ಏನೋ ಒಂದು' ಏನೆಂದು ಶುದ್ಧೀಕರಿಸಿ ನೋಡಲು ಹದಿಮೂರು ವರ್ಷ ಹಿಡಿಯಿತು. 1985ರಲ್ಲಿ ಗೊತ್ತಾಯಿತು, ಅದರ ಮುಖ್ಯ ಭಾಗ ಇಂಟರ್‌ಲ್ಯೂಕಿನ್-1. ನಮಗೆ ಜ್ವರ ತರಿಸುವ ಸಂದೇಶವಾಹಕ ಅಣುಗಳಲ್ಲಿ ಅದೂ ಒಂದು.

ಇಂಥ ಅಣುಗಳಿಗೆ ಒಟ್ಟಾಗಿ ಸೈಟೊಕೈನ್ ಎನ್ನುತ್ತಾರೆ. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಇವುಗಳ ಮೂಲಕ. ಆದರೆ ಮೂಳೆಯ ಕೋಶಗಳೂ ಈ ಮಾತನ್ನು ಯಾಕೆ ಕೇಳಿಸಿಕೊಳ್ಳುತ್ತವೆ?

ಮೂಳೆ ನೋಡಲು ಕಲ್ಲಿನ ಹಾಗಿದ್ದರೂ ಅದರಲ್ಲಿ ಅಗೆಯುವವರ ಒಂದು ತಂಡ, ತುಂಬುವವರ ಒಂದು ತಂಡ ರಸ್ತೆ ರಿಪೇರಿಯ ಹಾಗೆ ವರ್ಷವಿಡೀ ಕೆಲಸ ಮಾಡುತ್ತಿರುತ್ತವೆ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಹೀಗೆ ಹೊಸದಾಗುತ್ತದೆ. ಒಂದು ಜಾಗವನ್ನು ಅಗೆಯಲು ಎರಡು ಮೂರು ವಾರ ಸಾಕು, ತುಂಬಲು ಮೂರು ನಾಲ್ಕು ತಿಂಗಳು ಬೇಕು. (ನಮ್ಮ ರಸ್ತೆಗಳಿಗಿಂತ ವಾಸಿ.) ಅಗೆಯುವ ಕೋಶ ಆಸ್ಟಿಯೋಕ್ಲಾಸ್ಟ್, ಕಟ್ಟುವ ಕೋಶ ಆಸ್ಟಿಯೋಬ್ಲಾಸ್ಟ್. ಆಸ್ಟಿಯೋಕ್ಲಾಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಅದನ್ನು ಮರೆಯುವುದಿಲ್ಲ. ಹಲವು ಕೋಶಗಳು ಕೂಡಿ ಒಂದಾದ ದೈತ್ಯ ಅದು, ಒಳಗೆ ಹತ್ತಾರು ಕೋಶಕೇಂದ್ರಗಳು. ಮೂಳೆಯ ಮೇಲೆ ಕುಳಿತು ಸುತ್ತಲೂ ಅಂಚನ್ನು ಬಿಗಿಯಾಗಿ ಅಂಟಿಸಿಕೊಳ್ಳುತ್ತದೆ. ಅಡಿಯಲ್ಲಿ ಮುಚ್ಚಿದ ಆ ಪುಟ್ಟ ಜಾಗಕ್ಕೆ ನೆರಿಗೆಗಟ್ಟಿದ ಪೊರೆಯ ಮೂಲಕ ಆಮ್ಲವನ್ನು ಪಂಪ್ ಮಾಡುತ್ತದೆ. ಅಲ್ಲಿ ಪಿಎಚ್ 4.5ರ ಆಸುಪಾಸಿಗೆ ಇಳಿದು ಖನಿಜ ಕರಗುತ್ತದೆ. ಉಳಿದ ಕೊಲಾಜೆನ್ ನಾರನ್ನು ಕ್ಯಾಥೆಪ್ಸಿನ್-ಕೆ ಎಂಬ ಕಿಣ್ವ ಕತ್ತರಿಸುತ್ತದೆ. ಒಂದು ಕುಳಿ ಬಿದ್ದ ಮೇಲೆ ಕೋಶ ಎದ್ದು ಮುಂದಕ್ಕೆ ಸರಿಯುತ್ತದೆ.

ಈ ದೈತ್ಯ ಹುಟ್ಟುವುದು ಮೂಳೆಯ ವಂಶದಲ್ಲಲ್ಲ, ರಕ್ತದ ವಂಶದಲ್ಲಿ. ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್‌ಗೆ ಅದು ದಾಯಾದಿ. ಎರಡೂ ಅಸ್ಥಿಮಜ್ಜೆಯ ಒಂದೇ ಬಗೆಯ ಮೂಲಕೋಶಗಳಿಂದ ಬರುತ್ತವೆ, ಎರಡಕ್ಕೂ ಬದುಕಲು ಎಂ-ಸಿಎಸ್‌ಎಫ್ ಎಂಬ ಅಣು ಬೇಕು. ಅದಿಲ್ಲದೆ ಹುಟ್ಟಿದ ಇಲಿಗಳಲ್ಲಿ ಅಗೆಯುವವರೇ ಇಲ್ಲದೆ ಮೂಳೆ ಒತ್ತೊತ್ತಾಗಿ ಗಟ್ಟಿಗಟ್ಟುತ್ತದೆ, ಮಜ್ಜೆಗೇ ಜಾಗ ಸಾಲುವುದಿಲ್ಲ. ಹೀಗಾಗಿ ಆಸ್ಟಿಯೋಕ್ಲಾಸ್ಟ್ ರೋಗನಿರೋಧಕ ವ್ಯವಸ್ಥೆಯ ಮಾತು ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಅದು ಆ ಮನೆಯದೇ ಮಗು.

ಮೂಲಕೋಶ ಯಾವಾಗ ಮ್ಯಾಕ್ರೋಫೇಜ್ ಆಗುತ್ತದೆ, ಯಾವಾಗ ಮೂಳೆ ತಿನ್ನುವ ದೈತ್ಯವಾಗುತ್ತದೆ? ಇದಕ್ಕೆ ಉತ್ತರ ಬಂದ ರೀತಿಯೇ ಒಂದು ಕತೆ. 1997ರಲ್ಲಿ ಎರಡು ರೋಗನಿರೋಧಶಾಸ್ತ್ರದ ತಂಡಗಳು ಟಿ-ಕೋಶಗಳೆಂಬ ಬಿಳಿ ರಕ್ತಕಣಗಳ ಮೇಲೆ ಒಂದು ಹೊಸ ಅಣುವನ್ನು ಕಂಡವು. ಒಂದು ತಂಡ ಅದನ್ನು ಟ್ರಾನ್ಸ್ ಎಂದಿತು, ಇನ್ನೊಂದು ರ್‍ಯಾಂಕ್-ಎಲ್ ಎಂದಿತು. ಡೆಂಡ್ರೈಟಿಕ್ ಎಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳಿಗೆ ಆಯುಷ್ಯ ಕೊಡುವ ಅಣು ಎಂದು ಅವರು ತಿಳಿದರು. ಮೂಳೆಯ ವಿಚಾರ ಅವರ ತಲೆಯಲ್ಲೇ ಇರಲಿಲ್ಲ. ಅದೇ ಹೊತ್ತಿನಲ್ಲಿ ಮೂಳೆಯ ಮೇಲೆ ಕೆಲಸ ಮಾಡುತ್ತಿದ್ದ ಇನ್ನೆರಡು ತಂಡಗಳು ಆಸ್ಟಿಯೋಕ್ಲಾಸ್ಟನ್ನು ಹುಟ್ಟಿಸುವ ಸಂಕೇತವನ್ನು ಹುಡುಕುತ್ತಿದ್ದವು. ಅಮೆರಿಕದ ಆಮ್ಜೆನ್ ಕಂಪನಿ ಒಂದು. ಇನ್ನೊಂದು ಜಪಾನಿನ ಸ್ನೋ ಬ್ರ್ಯಾಂಡ್, ಹಾಲು ಬೆಣ್ಣೆ ಮಾರುವ ಡೇರಿ ಕಂಪನಿ! 1998ರಲ್ಲಿ ಇಬ್ಬರೂ ಗುರಿ ಮುಟ್ಟಿದಾಗ ಕೈಗೆ ಸಿಕ್ಕಿದ್ದು ಹಿಂದಿನ ವರ್ಷದ ಅದೇ ಅಣು. ನಾಲ್ಕು ಪ್ರಯೋಗಾಲಯ, ನಾಲ್ಕು ಹೆಸರು, ಒಂದೇ ಪ್ರೋಟೀನ್. ಕೊನೆಗೆ ರ್‍ಯಾಂಕ್-ಎಲ್ ಎಂಬ ಹೆಸರು ನಿಂತಿತು.

1999ರಲ್ಲಿ ಜೋಸೆಫ್ ಪೆನ್ನಿಂಗರ್ ಅವರ ತಂಡ ಈ ಅಣುವೇ ಇಲ್ಲದ ಇಲಿಗಳನ್ನು ಸೃಷ್ಟಿಸಿತು. ಅವುಗಳಲ್ಲಿ ಒಂದೂ ಆಸ್ಟಿಯೋಕ್ಲಾಸ್ಟ್ ಇರಲಿಲ್ಲ, ಮೂಳೆ ಕಲ್ಲಾಗಿತ್ತು. ದುಗ್ಧಗ್ರಂಥಿಗಳೂ ಇರಲಿಲ್ಲ. ಹಲ್ಲು ಹುಟ್ಟಿದ್ದರೂ ದವಡೆ ಬಿಟ್ಟು ಹೊರಗೆ ಬರಲಿಲ್ಲ, ಏಕೆಂದರೆ ಹಲ್ಲು ಹೊರಬರಲು ಮೇಲಿನ ಮೂಳೆಯನ್ನು ಯಾರಾದರೂ ಅಗೆದು ದಾರಿ ಮಾಡಿಕೊಡಬೇಕು. ಮೂಳೆಯೂ ರೋಗನಿರೋಧವೂ ಒಂದೇ ಅಣುವನ್ನು ಹಂಚಿಕೊಂಡಿರುವುದು ಅಲ್ಲಿಗೆ ಖಚಿತವಾಯಿತು. ಮರುವರ್ಷ ಈ ಎರಡರ ನಡುವಿನ ಶಾಸ್ತ್ರಕ್ಕೆ ಆಸ್ಟಿಯೋಇಮ್ಯುನಾಲಜಿ ಎಂಬ ಹೆಸರೂ ಬಂತು.

ರ್‍ಯಾಂಕ್-ಎಲ್ ಹೋಗಿ ಕೂರುವುದು ಮೂಲಕೋಶದ ಮೇಲಿನ ರ್‍ಯಾಂಕ್ ಎಂಬ ಗ್ರಾಹಕದ ಮೇಲೆ. ಅದು ಕೂತರೆ ಒಳಗೆ ಸರಣಿಯಾಗಿ ಕೆಲವು ಸ್ವಿಚ್ಚುಗಳು ಒತ್ತಿಕೊಂಡು, ಕೊನೆಗೆ ಎನ್‌ಎಫ್‌ಎಟಿಸಿ1 ಎಂಬ ಪ್ರೋಟೀನ್ ಎಚ್ಚೆತ್ತು ಕೋಶದ ಹಣೆಬರಹವನ್ನೇ ಬದಲಿಸುತ್ತದೆ. ಇದಕ್ಕೆ ಅಡ್ಡಗಾಲು ಹಾಕಲು ಮೈ ಇನ್ನೊಂದು ಅಣುವನ್ನು ಇಟ್ಟುಕೊಂಡಿದೆ, ಒಪಿಜಿ ಅಂದರೆ ಆಸ್ಟಿಯೋಪ್ರೊಟೆಗೆರಿನ್. ಅದು ಗ್ರಾಹಕದ ವೇಷ ಹಾಕಿ ತಿರುಗುತ್ತ ರ್‍ಯಾಂಕ್-ಎಲ್ ಅನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಮೂಳೆ ಹೋಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಎರಡರ ಪ್ರಮಾಣ. ಉಳಿದ ಸೈಟೊಕೈನ್‌ಗಳಲ್ಲಿ ಹೆಚ್ಚಿನವು ಮಾಡುವುದು ಈ ತಕ್ಕಡಿಯನ್ನು ಅತ್ತ ಇಲ್ಲ ಇತ್ತ ವಾಲಿಸುವ ಕೆಲಸ.

ಕೆಡವುವ ಕಡೆ ವಾಲಿಸುವವುಗಳಲ್ಲಿ ಹಿರಿಯ ಟಿಎನ್‌ಎಫ್. ಕೀಲಿನ ಪೊರೆಯ ಕೋಶಗಳಿಂದಲೂ ಆಸ್ಟಿಯೋಬ್ಲಾಸ್ಟ್‌ಗಳಿಂದಲೂ ಅದು ರ್‍ಯಾಂಕ್-ಎಲ್ ಹೊರಡಿಸುತ್ತದೆ. ರ್‍ಯಾಂಕ್-ಎಲ್ ತುಸುವೇ ಇದ್ದರೂ ಮೂಲಕೋಶಗಳನ್ನು ನೇರವಾಗಿ ಹುರಿದುಂಬಿಸುತ್ತದೆ. ಅಷ್ಟಕ್ಕೇ ಬಿಡದೆ ಡಿಕೆಕೆ-1 ಎಂಬ ಅಣುವನ್ನು ಹೆಚ್ಚಿಸಿ ಕಟ್ಟುವವರ ಕೈಯನ್ನೂ ಕಟ್ಟುತ್ತದೆ. ಐಎಲ್-1 (ಅಂದರೆ ಇಂಟರ್‌ಲ್ಯೂಕಿನ್-1), ಐಎಲ್-6 ಅದರ ಜೊತೆಗಾರರು. ಐಎಲ್-17ರ ಮಹತ್ವ ತಿಳಿದದ್ದು ತಡವಾಗಿ. ಅದನ್ನು ಸುರಿಸುವ ಟಿಎಚ್-17 ಎಂಬ ಟಿ-ಕೋಶಗಳ ಬಣವೇ ಮೂಳೆ ಕರಗಿಸುವುದರಲ್ಲಿ ಮುಂದು ಎಂದು ಜಪಾನಿನ ಹಿರೋಶಿ ತಕಯನಗಿ ಅವರ ತಂಡ 2006ರಲ್ಲಿ ತೋರಿಸಿತು.

ತಡೆಯುವ ಕಡೆ ಐಎಲ್-4, ಐಎಲ್-10 ಇವೆ, ಇಂಟರ್‌ಫೆರಾನ್‌ಗಳಿವೆ. ಇಲ್ಲಿ ಭಾರತದ ಪಾಲೂ ಇದೆ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಮೋಹನ್ ವಾಣಿ ಅವರ ತಂಡ 2003ರಲ್ಲಿ ಐಎಲ್-3ರ ಬಗ್ಗೆ ಪ್ರಕಟಿಸಿದ ಕೆಲಸವನ್ನು ನಾನು ಈ ಕ್ಷೇತ್ರದ ಅಚ್ಚುಕಟ್ಟಾದ ಪ್ರಯೋಗಗಳಲ್ಲಿ ಒಂದೆಂದು ಎಣಿಸುತ್ತೇನೆ. ರ್‍ಯಾಂಕ್-ಎಲ್ ಕೊಟ್ಟಾಗಲೂ ಐಎಲ್-3 ಜೊತೆಗಿದ್ದರೆ ಇಲಿಯ ಮೂಲಕೋಶಗಳು ಆಸ್ಟಿಯೋಕ್ಲಾಸ್ಟ್ ಆಗಲಿಲ್ಲ. ಅವು ಮ್ಯಾಕ್ರೋಫೇಜ್ ದಾರಿ ಹಿಡಿದವು, ಹಿಡಿದ ಮೇಲೆ ಹಿಂದಿರುಗಲೂ ಇಲ್ಲ.

ಇಷ್ಟು ಓದಿ ಇವರು ಖಳರು, ಇವರು ಸಜ್ಜನರು ಎಂದು ಪಟ್ಟಿ ಮಾಡಿಕೊಂಡವರು ಮೋಸ ಹೋಗುತ್ತಾರೆ. ಇಂಟರ್‌ಫೆರಾನ್-ಗಾಮಾ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಆಸ್ಟಿಯೋಕ್ಲಾಸ್ಟನ್ನು ಹುಟ್ಟಲೇ ಬಿಡುವುದಿಲ್ಲ, ಇದನ್ನು 2000ದಲ್ಲಿ ತಕಯನಗಿ ಅವರೇ ತೋರಿಸಿದರು. ಅದಕ್ಕೆ ಐದು ವರ್ಷ ಮೊದಲು ಅಮೆರಿಕದ ವೈದ್ಯರು ಮೂಳೆ ಕಲ್ಲಾಗುವ ಹುಟ್ಟುರೋಗದ ಮಕ್ಕಳಿಗೆ ಇದೇ ಇಂಟರ್‌ಫೆರಾನ್-ಗಾಮಾ ಚುಚ್ಚಿದ್ದರು. ಉದ್ದೇಶ ಮೂಳೆ ಹೆಚ್ಚು ಕರಗಲಿ ಎಂಬುದು, ಕರಗಿತು ಕೂಡ. ಐಎಲ್-17ರ ಕತೆಯೂ ಹೀಗೇ. ಸಂಧಿವಾತದ ಕೀಲಿನಲ್ಲಿ ಮೂಳೆ ತಿನ್ನಿಸುವ ಅದೇ ಅಣು ಇಲಿಯ ಮುರಿದ ಮೂಳೆಯಲ್ಲಿ ಕಟ್ಟುವವರನ್ನು ಹುರಿದುಂಬಿಸಿ ಕೂಡುವಿಕೆಗೆ ನೆರವಾಗುತ್ತದೆ. ಅದರ ಗ್ರಾಹಕವಿಲ್ಲದ ಇಲಿಗಳಿಗೆ ವಸಡಿನ ಸೋಂಕು ತಗುಲಿಸಿದಾಗ ದವಡೆಯ ಮೂಳೆ ಉಳಿಯುವ ಬದಲು ಇನ್ನಷ್ಟು ಹೋಯಿತು, ಏಕೆಂದರೆ ಸೋಂಕನ್ನು ತಡೆಯುವವರೇ ಇರಲಿಲ್ಲ. ಅಣುವಿನ ಗುಣ ಅಣುವಿನಲ್ಲಿಲ್ಲ. ಯಾವ ಜಾಗ, ಯಾವ ಹೊತ್ತು, ಪಕ್ಕದಲ್ಲಿ ಯಾವ ಕೋಶ ಎಂಬುದರಲ್ಲಿದೆ. ತಟ್ಟೆಯ ಪ್ರಯೋಗವೊಂದನ್ನು ಹಿಡಿದು "ಮೂಳೆಗೆ ಒಳ್ಳೆಯದು" ಎಂದು ಡಬ್ಬಿಯ ಮೇಲೆ ಬರೆಯುವವರನ್ನು ನಂಬಬಾರದೆನ್ನುವುದು ಈ ಕಾರಣಕ್ಕೆ.

ಹಾಗಾದರೆ ಸೋಂಕು ಬಂದಾಗ ಮೈ ತನ್ನ ಮೂಳೆಯನ್ನೇ ಯಾಕೆ ಬಲಿ ಕೊಡುತ್ತದೆ? 2018ರಲ್ಲಿ ತಕಯನಗಿ ತಂಡದ ವಸಡಿನ ಅಧ್ಯಯನ ಇದಕ್ಕೆ ಒಂದು ಉತ್ತರ ಸೂಚಿಸಿತು. ವಸಡಿನಲ್ಲಿ ಸೇರುವ ಒಂದು ಬಗೆಯ ಟಿ-ಕೋಶಗಳು ಬ್ಯಾಕ್ಟೀರಿಯಾಗಳನ್ನು ಎದುರಿಸುತ್ತವೆ, ಜೊತೆಗೇ ಮೂಳೆಯನ್ನೂ ಕರಗಿಸುತ್ತವೆ. ಮೂಳೆ ಕರಗಿ ಹಲ್ಲು ಬಿದ್ದುಹೋದರೆ ಬ್ಯಾಕ್ಟೀರಿಯಾಗಳಿಗೆ ಅಡಗುತಾಣವೇ ಇಲ್ಲವಾಗುತ್ತದೆ, ಸೋಂಕು ಮೈಯೊಳಗೆ ಹಬ್ಬುವುದು ತಪ್ಪುತ್ತದೆ. ಒಂದು ಹಲ್ಲು ಹೋದರೂ ಜೀವ ಉಳಿಯಲಿ ಎಂಬ ಲೆಕ್ಕ. ಆಂಟಿಬಯಾಟಿಕ್ ಇಲ್ಲದ ಲಕ್ಷಾಂತರ ವರ್ಷ ಈ ಲೆಕ್ಕ ಸರಿಯೇ ಇದ್ದಿರಬೇಕು. ಹಲ್ಲಿನ ಡಾಕ್ಟರು ಮಿಲಿಮೀಟರ್ ಗುರುತಿನ ತೆಳು ಕಡ್ಡಿಯನ್ನು ವಸಡಿನ ಸಂದಿಗೆ ಇಳಿಸಿ ಎರಡು, ಮೂರು, ಆರು ಎಂದು ಬರೆಸುತ್ತಾರಲ್ಲ, ಅಲ್ಲಿ ಮೂರರ ಒಳಗೆ ಇದ್ದರೆ ಸರಿ. ಆರು ಎಂದರೆ ಈ ವ್ಯಾಪಾರ ಶುರುವಾಗಿ ಬಹಳ ಕಾಲವಾಗಿದೆ. ಹೊಗೆಸೊಪ್ಪು, ಬೀಡಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ಇನ್ನೂ ಬೇಗ. ಮೂಳೆ ಕರಗುವಾಗ ನೋವಿಲ್ಲದಿರುವುದೇ ದೊಡ್ಡ ತೊಂದರೆ.

ನೋವಿನ ಮಾತು ಬಂದರೆ ಕರ್ನಾಟಕಕ್ಕೆ 2006 ನೆನಪಾಗಬೇಕು. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ನಮ್ಮ ರಾಜ್ಯದ್ದೇ. ಜ್ವರ ವಾರದಲ್ಲಿ ಬಿಟ್ಟಿತು. ಬೆರಳು, ಮಣಿಕಟ್ಟು, ಹಿಮ್ಮಡಿಯ ನೋವು ಎಷ್ಟೋ ಮಂದಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಬೆಳಿಗ್ಗೆ ಎದ್ದು ಚೊಂಬು ಹಿಡಿಯಲಾಗದವರನ್ನು "ಜ್ವರ ಹೋದ ಮೇಲೆ ಎಂಥ ನೋವು, ಎಲ್ಲ ನೆಪ" ಎಂದು ಮನೆಯವರೇ ಅಂದದ್ದುಂಟು. ನೆಪವಾಗಿರಲಿಲ್ಲ. ಈ ವೈರಸ್ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳ ಒಳಕ್ಕೇ ಹೊಗುತ್ತದೆ ಎಂದು 2012ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಸೋಂಕು ತಗುಲಿದ ಆ ಕೋಶಗಳು ಐಎಲ್-6 ಮತ್ತು ರ್‍ಯಾಂಕ್-ಎಲ್ ಅನ್ನು ಹೆಚ್ಚಿಸಿದವು, ಒಪಿಜಿಯನ್ನು ತಗ್ಗಿಸಿದವು. ಕಟ್ಟಬೇಕಾದವರೇ ಕೆಡವುವವರನ್ನು ಕರೆದಂತಾಯಿತು. ಹೆಚ್ಚಿನವರಲ್ಲಿ ಕೀಲು ಹಾಳಾಗದೆ ನೋವು ಕ್ರಮೇಣ ಇಳಿಯುತ್ತದೆ ಎಂಬುದನ್ನೂ ಹೇಳಬೇಕು.

ಕೀಲು ಹಾಳಾಗುವುದು ಸಂಧಿವಾತದಲ್ಲಿ, ಡಾಕ್ಟರುಗಳು ಆರ್‌ಎ ಎನ್ನುವ ಕಾಯಿಲೆಯಲ್ಲಿ. ವಯಸ್ಸಾದ ಮೇಲಿನ ಮಂಡಿ ಸವೆತ ಬೇರೆ, ಇದು ಬೇರೆ. ಇದು ಮೂವತ್ತು ನಲವತ್ತರ ಹೆಂಗಸರಿಗೂ ಬರುತ್ತದೆ. ಬೆರಳ ಕೀಲುಗಳು ಎರಡೂ ಕೈಯಲ್ಲಿ ಊದಿ, ಬೆಳಿಗ್ಗೆ ಗಂಟೆಗಟ್ಟಲೆ ಮರಗಟ್ಟುತ್ತವೆ. ಲಂಡನ್ನಿನಲ್ಲಿ ಫೆಲ್ಡ್‌ಮನ್ ಮತ್ತು ಮೈನಿ ಟಿಎನ್‌ಎಫ್‌ಗೆ ಅಡ್ಡಹಾಕುವ ಔಷಧಿಯನ್ನು 1990ರ ದಶಕದಲ್ಲಿ ಈ ರೋಗಿಗಳಿಗೆ ಕೊಟ್ಟು ನೋಡಿದರು. ಮುಂದಿನ ಅಧ್ಯಯನಗಳಲ್ಲಿ ಒಂದು ವಿಚಿತ್ರ ಕಂಡಿತು. ನೋವು, ಊತ ಅಷ್ಟಾಗಿ ತಗ್ಗದವರಲ್ಲೂ ಎಕ್ಸ್‌ರೇಯಲ್ಲಿ ಮೂಳೆಯ ಹಾನಿ ಬಹುಮಟ್ಟಿಗೆ ನಿಂತಿತ್ತು. ಉರಿಯೂತ ಮತ್ತು ಮೂಳೆನಾಶ ಒಂದೇ ಹಗ್ಗದ ಎರಡು ಎಳೆ ಹೌದು, ಆದರೆ ಬೇರೆ ಬೇರೆಯಾಗಿ ಕತ್ತರಿಸಬಹುದಾದ ಎಳೆಗಳು.

ಆದರೆ ಟಿಎನ್‌ಎಫ್‌ಗೆ ಬೇರೆ ಕೆಲಸವೂ ಇದೆ. ಶ್ವಾಸಕೋಶದಲ್ಲಿ ಮಲಗಿರುವ ಕ್ಷಯದ ಬ್ಯಾಕ್ಟೀರಿಯಾಗಳನ್ನು ಗಂಟು ಕಟ್ಟಿ ಒಳಗೇ ಇಟ್ಟಿರುವುದು ಅದೇ. 2001ರ ಹೊತ್ತಿಗೇ ಟಿಎನ್‌ಎಫ್ ತಡೆ ಔಷಧಿ ಪಡೆದವರಲ್ಲಿ ಹಳೆಯ ಕ್ಷಯ ಎದ್ದು ಬರುವುದು ವರದಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯ ಹೆಸರಿನ ಪಿ.ಕೆ.ಟಿ.ಬಿ. ಕ್ಷಯ ಆಸ್ಪತ್ರೆ ಇಂದಿಗೂ ಬೇಕಾಗಿರುವ ಮೈಸೂರಿನಂಥ ಕಡೆ ಇದು ಪುಸ್ತಕದ ಮಾತಲ್ಲ. ಆ ಔಷಧಿ ಶುರುಮಾಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಕ್ಷಯ ಬೆನ್ನುಮೂಳೆಗೆ ಇಳಿದಾಗಲೂ ಮೂಳೆಯನ್ನು ಕುಸಿಸುವುದು ಹೆಚ್ಚಾಗಿ ಈ ಸೈಟೊಕೈನ್‌ಗಳ ಮೂಲಕವೇ. ಹೆಚ್ಚಿನ ಸಂಧಿವಾತ ರೋಗಿಗಳಿಗೆ ಇಂಥ ದುಬಾರಿ ಇಂಜೆಕ್ಷನ್ ಬೇಕಾಗುವುದೂ ಇಲ್ಲ. ಮೆಥೋಟ್ರೆಕ್ಸೇಟ್ ಎಂಬ ಅಗ್ಗದ ಮಾತ್ರೆ ಬೇಗ ಶುರುವಾದರೆ ಸಾಕಷ್ಟು ಕೆಲಸ ಮಾಡುತ್ತದೆ. ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು, ಚೀಟಿಯಲ್ಲಿ ವಾರದ ಹೆಸರನ್ನು ಕನ್ನಡದಲ್ಲೇ ಬರೆಸಿಕೊಳ್ಳುವುದು ಲೇಸು. ಡಾಕ್ಟರನ್ನು ಕಾಣಲು ತಾಂಡವಪುರದಿಂದ ಮೈಸೂರಿಗೆ ರೈಲೂ ಇದೆ, ಬಸ್ಸೂ ಇದೆ. ಆದರೂ ಬೆರಳು ಸೊಟ್ಟಗಾಗುವವರೆಗೆ "ವಾಯು" ಎಂದು ಎಣ್ಣೆ ತಿಕ್ಕಿಕೊಂಡು ಕೂರುವುದು ನಮ್ಮಲ್ಲಿ ಹೆಚ್ಚು.

ಅದಕ್ಕಿಂತ ಕೆಟ್ಟದ್ದು ಕೂತಲ್ಲೇ ಸಿಗುವ ಸ್ಟೀರಾಯ್ಡ್. ಹಳ್ಳಿಯ ಕಡೆ ಹೆಸರು ಹೇಳದೆ ಚುಚ್ಚುವ "ನೋವಿನ ಇಂಜೆಕ್ಷನ್", ಲೇಬಲ್ ಇಲ್ಲದ ಪುಡಿ ಪೊಟ್ಟಣ ಎಷ್ಟೋ ಸಲ ಅದೇ. ಮಾರನೆ ದಿನ ರೋಗಿ ಎದ್ದು ಗದ್ದೆಗೆ ಹೋಗುತ್ತಾನೆ, ಚುಚ್ಚಿದವರ ಕೈಗುಣಕ್ಕೆ ಹೆಸರು ಬರುತ್ತದೆ. ಸ್ಟೀರಾಯ್ಡ್ ಸೈಟೊಕೈನ್‌ಗಳ ಬಾಯಿ ಮುಚ್ಚಿಸುತ್ತದೆ ನಿಜ. ಆದರೆ ತಿಂಗಳುಗಟ್ಟಲೆ ಮೈಗೆ ಹೋದರೆ ಆಸ್ಟಿಯೋಬ್ಲಾಸ್ಟ್‌ಗಳನ್ನು ಸಾಯಿಸುತ್ತದೆ, ರ್‍ಯಾಂಕ್-ಎಲ್ ಏರಿಸಿ ಒಪಿಜಿ ಇಳಿಸುತ್ತದೆ. ಉರಿಯನ್ನು ಆರಿಸುತ್ತಲೇ ಮೂಳೆಯನ್ನು ತೆಗೆಯುವ ಔಷಧಿ ಅದು. ಬೇಕಾದಾಗ, ಬೇಕಾದಷ್ಟು, ಲೆಕ್ಕವಿಟ್ಟು ಕೊಡಬೇಕಾದದ್ದು.

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಟೊಳ್ಳಾಗುವುದನ್ನು ಬಹುಕಾಲ ಹಾರ್ಮೋನಿನ ವಿಷಯ ಎಂದಷ್ಟೇ ತಿಳಿಯಲಾಗಿತ್ತು. ಈಸ್ಟ್ರೋಜೆನ್ ಇಳಿದಾಗ ಟಿ-ಕೋಶಗಳು ಟಿಎನ್‌ಎಫ್ ಹೆಚ್ಚು ಸುರಿಸುತ್ತವೆ ಎಂದು ಪಾಚಿಫಿಚಿ ತಂಡ 2000ದಲ್ಲಿ ತೋರಿಸಿದ ಮೇಲೆ ಈ ಕತೆಯಲ್ಲೂ ರೋಗನಿರೋಧ ವ್ಯವಸ್ಥೆ ಕಾಣಿಸಿಕೊಂಡಿತು. ಟಿ-ಕೋಶಗಳಿಲ್ಲದ ಇಲಿಗಳಲ್ಲಿ ಅಂಡಾಶಯ ತೆಗೆದರೂ ಮೂಳೆ ಹೋಗಲಿಲ್ಲ ಎಂದು ಆ ಪ್ರಯೋಗ ಹೇಳಿತು. ಎಲ್ಲರ ಪ್ರಯೋಗಾಲಯದಲ್ಲೂ ಅದು ಹಾಗೇ ಬರಲಿಲ್ಲ, ಚರ್ಚೆ ಮುಗಿದಿಲ್ಲ. ದೆಹಲಿಯ ಏಮ್ಸ್‌ನಲ್ಲಿ ರೂಪೇಶ್ ಶ್ರೀವಾಸ್ತವ ಅವರ ತಂಡ 2018ರಲ್ಲಿ, ಮೂಳೆ ಟೊಳ್ಳಾಗುವುದರಲ್ಲಿ ರೋಗನಿರೋಧ ವ್ಯವಸ್ಥೆಯ ಪಾತ್ರದ ಅಧ್ಯಯನಕ್ಕೆ ಇಮ್ಯುನೋಪೊರೋಸಿಸ್ ಎಂದೇ ಹೆಸರಿಟ್ಟಿತು. ಅದಕ್ಕೂ ಮೊದಲು, 2016ರಲ್ಲಿ, ಇನ್ನೊಂದು ತಿರುವು ಬಂದಿತ್ತು. ಕರುಳಿನಲ್ಲಿ ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಈಸ್ಟ್ರೋಜೆನ್ ಕೊರತೆ ಮೂಳೆಯನ್ನು ತಿನ್ನಲಿಲ್ಲ. ಮೊಸರು ಮಜ್ಜಿಗೆಯ ಅಭಿಮಾನಿಗಳು ಹಿಗ್ಗುವ ಮೊದಲು ಹೇಳಿಬಿಡುತ್ತೇನೆ, ಇದು ಇಲಿಯ ಫಲಿತಾಂಶ.

ಇನ್ನು ಮತ್ತೆ ಕ್ಯಾಲ್ಸಿಯಂ ಮಾತಿಗೆ ಬಂದರೆ, ಹಳೇ ಮೈಸೂರು ಸೀಮೆಯವರಿಗೆ ಅದು ಸಿಗುವ ದಾರಿ ಹಳೆಯದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಕ್ಕಿ ಗೋಧಿ ಹತ್ತಿರವೂ ಸುಳಿಯುವುದಿಲ್ಲ. ಕಬಿನಿಯ ನೀರು ಬಂದು ಅನ್ನ ಹೆಚ್ಚಾಗಿ ಮುದ್ದೆ ಕಡಿಮೆಯಾದ ಮನೆಗಳಲ್ಲಿ ಅದನ್ನು ಮತ್ತೆ ತಟ್ಟೆಗೆ ತರುವುದು ಒಳ್ಳೆಯದೇ, ವಿಟಮಿನ್ ಡಿ ಕೊರತೆಯನ್ನು ನೀಗಿಸುವುದೂ ಅಷ್ಟೇ ಮುಖ್ಯ. ಆದರೆ ಅರುವತ್ತೈದರ ಹೆಂಗಸಿನ ಬೆನ್ನುಮೂಳೆ ಆಗಲೇ ಒಮ್ಮೆ ಕುಸಿದಿದ್ದರೆ ಮುದ್ದೆ, ಮಾತ್ರೆ ಎರಡೂ ಸಾಲವು. ಕೆಡವುವ ಅಪ್ಪಣೆಯನ್ನೇ ತಡೆಯಬೇಕು.

ಅದಕ್ಕೆ ಇರುವ ನೇರ ಔಷಧಿ ಡೆನೊಸುಮಾಬ್, ರ್‍ಯಾಂಕ್-ಎಲ್ ಅನ್ನು ಹಿಡಿದಿಡುವ ಪ್ರತಿಕಾಯ. ಮೈ ಒಪಿಜಿಯಿಂದ ಮಾಡಿಸುವ ಕೆಲಸವನ್ನು ಇದು ಆರು ತಿಂಗಳಿಗೊಂದು ಇಂಜೆಕ್ಷನ್‌ನಲ್ಲಿ ಮಾಡುತ್ತದೆ. 2009ರಲ್ಲಿ ಪ್ರಕಟವಾದ, 7,868 ಹೆಂಗಸರ ಮೇಲಿನ ಪರೀಕ್ಷೆಯಲ್ಲಿ ಮೂರು ವರ್ಷದ ಅವಧಿಯಲ್ಲಿ ಹೊಸದಾಗಿ ಬೆನ್ನುಮೂಳೆ ಮುರಿದವರು, ಔಷಧಿ ಇಲ್ಲದವರಲ್ಲಿ ಶೇ 7.2, ಪಡೆದವರಲ್ಲಿ ಶೇ 2.3. 2010ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪೇಟೆಂಟ್ ಕಾಲ ಮುಗಿಯುತ್ತ ಬಂದಂತೆ ಅದರ ಸಮಾನ ಔಷಧಿಗಳನ್ನು ಮಾಡುವವರ ಸಾಲಿಗೆ ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್ ಕೂಡ ಸೇರಿ, 2025ರಲ್ಲಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಅನುಮತಿ ಪಡೆಯಿತು. ಬೆಲೆ ಇಳಿದಷ್ಟೂ ಇದು ನಂಜನಗೂಡು, ತಿ. ನರಸೀಪುರದ ಮನೆಗಳಿಗೂ ಬರುತ್ತದೆ.

ಬಂದಾಗ ಒಂದು ಎಚ್ಚರಿಕೆ ಜೊತೆಗೆ ಬರಬೇಕು. ಇದನ್ನು ನಡುವೆ ನಿಲ್ಲಿಸಿದರೆ ಮೂಳೆ ಇದ್ದಲ್ಲಿ ನಿಲ್ಲುವುದಿಲ್ಲ, ಮೊದಲಿಗಿಂತ ರಭಸದಿಂದ ಹೋಗುತ್ತದೆ, ಕೆಲವರಲ್ಲಿ ಬೆನ್ನುಮೂಳೆಗಳು ಸಾಲಾಗಿ ಮುರಿಯುತ್ತವೆ. ಕಾರಣದ ಒಂದು ಸುಳಿವು ಆಸ್ಟ್ರೇಲಿಯಾದ ಗಾರ್ವನ್ ಸಂಸ್ಥೆಯಿಂದ 2021ರಲ್ಲಿ ಸಿಕ್ಕಿತು. ಜೀವಂತ ಇಲಿಯ ಮೂಳೆಯೊಳಗೆ ನೋಡಿದಾಗ, ಆಸ್ಟಿಯೋಕ್ಲಾಸ್ಟ್‌ಗಳು ಕೆಲಸ ಮುಗಿದ ಮೇಲೆ ಎಲ್ಲವೂ ಸಾಯುತ್ತಿರಲಿಲ್ಲ. ಒಡೆದು ಸಣ್ಣ ಕೋಶಗಳಾಗಿ ಚದುರಿ, ಮತ್ತೆ ಕರೆ ಬಂದಾಗ ಕೂಡಿಕೊಳ್ಳುತ್ತಿದ್ದವು. ರ್‍ಯಾಂಕ್-ಎಲ್ ಅನ್ನು ತಡೆದಾಗ ಈ ಸಣ್ಣ ಕೋಶಗಳು ರಾಶಿ ಬಿದ್ದವು. ತಡೆ ತೆಗೆದಾಗ ಅವೆಲ್ಲ ಒಟ್ಟಿಗೇ ಕೆಲಸಕ್ಕೆ ಇಳಿಯುತ್ತವೆ ಎಂದು ಆ ತಂಡದ ಊಹೆ. ಹಾಗಾಗಿ ಈ ಇಂಜೆಕ್ಷನ್ ಹಾಕಿಸಿಕೊಳ್ಳುವವರು ಮುಂದಿನ ತಾರೀಕನ್ನು ಆವತ್ತೇ ಬರೆಸಿಕೊಳ್ಳಬೇಕು. ನಿಲ್ಲಿಸಲೇಬೇಕಾಗಿ ಬಂದರೆ ಅದರ ಬದಲಿಗೆ ಬಿಸ್ಫಾಸ್ಫೊನೇಟ್ ಎಂಬ ಬೇರೆ ಬಗೆಯ ಮೂಳೆ ಔಷಧಿಯನ್ನು ಯಾವಾಗ ಶುರುಮಾಡಬೇಕೆಂದು ಡಾಕ್ಟರನ್ನು ಕೇಳದೆ, ಜಾತ್ರೆ, ಕಟಾವು, ಮಗಳ ಬಾಣಂತನ ಮುಗಿಯಲಿ ಎಂದು ಮುಂದೂಡಬಾರದು.